ರಾತ್ರಿ ಒಂದೂಮುಕ್ಕಾಲರ ರಸೀದಿ

ನನ್ನ ಸತ್ಯವೇದದೊಳಗೆ ಒಂದು ರಸೀದಿ ಇದೆ. ನೋಟ್‌ಬುಕ್ಕಿನ ಹಾಳೆ ಹರಿದು ಬರೆದದ್ದು. ಸುಗ್ಗಿ ಹಬ್ಬದ ಬಾಬ್ತು ನಗದು 46,350 ರೂಪಾಯಿ ಮುಟ್ಟಿತು ಎಂದಿದೆ. ಕೆಳಗೆ ಸಹಿ, 21-11-2022 ಎಂದು ತಾರೀಖು, ಅದರ ಪಕ್ಕದಲ್ಲೇ ‘ರಾತ್ರಿ 1-45’. ರಸೀದಿಯಲ್ಲಿ ಗಂಟೆ ಬರೆಯುವ ಪದ್ಧತಿ ಎಲ್ಲೂ ಇಲ್ಲ. ಆದರೆ ಬರೆದವರು ಖಡಕಿಯ ಮದ್ದುಗುಂಡಿನ ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತು ವರ್ಷ ಲೆಕ್ಕ ಇಟ್ಟವರು. ಹನ್ನೆರಡು ದಾಟಿದರೆ ತಾರೀಖು ಬದಲಾಗುತ್ತದೆ, ಆಮೇಲೆ ಗೊಂದಲ ಬೇಡ ಅಂದರು.

ನಾನು ಬೆಟಗೇರಿಯವನು. ನಮ್ಮ ಓಣಿಯಲ್ಲಿ ಬೆಳಗಾದರೆ ಮಗ್ಗದ ಸಪ್ಪಳ, ಭಾನುವಾರ ಬಾಸೆಲ್ ಮಿಶನ್ನಿನವರು ಕಟ್ಟಿದ ದೇವಾಲಯದ ಗಂಟೆ. ಅಜ್ಜಿ ಮನೆಯೊಳಗೆ ಇಸ್ಪೀಟ್ ಎಲೆ ಬರಗೊಡುತ್ತಿರಲಿಲ್ಲ. ದೀಪಾವಳಿಯಲ್ಲಿ ಓಣಿಯ ಕಟ್ಟೆಗಳ ಮೇಲೆಲ್ಲ ಅಂದರ್-ಬಾಹರ್ ನಡೆಯುವಾಗ ನಮ್ಮನ್ನು ಆ ದಾರಿಯಲ್ಲಿ ಕಳಿಸದೆ ಹಿಂದಿನ ಸಂದಿಯಿಂದ ಅಂಗಡಿಗೆ ಕಳಿಸುತ್ತಿದ್ದಳು. “ನೋಡಿದ್ರ ಏನಾಗ್ತದ ಬೇ?” ಅಂತ ಕೇಳಿದರೆ, “ನೋಡಿದ್ರ ಏನೂ ಆಗಂಗಿಲ್ಲ, ನಿಂತ್ರ ಆಗತೈತಿ” ಅನ್ನುತ್ತಿದ್ದಳು. ಆಗ ಅದು ಮುದುಕಿಯ ಅಂಜಿಕೆ ಅನಿಸುತ್ತಿತ್ತು.

ಪುಣೆಗೆ ಬಂದು ಹದಿನೈದು ವರ್ಷವಾಯಿತು. ಕೆಲಸ ಸಾಫ್ಟ್‌ವೇರ್ ಪರೀಕ್ಷಿಸುವುದು. ಬೇರೆಯವರು ಬರೆದದ್ದು ಎಲ್ಲಿ ಮುರಿಯುತ್ತದೆ ಎಂದು ಹುಡುಕುವುದು. 2021ರ ಸೆಪ್ಟೆಂಬರಿನಲ್ಲಿ, ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕಾಲದಲ್ಲಿ, ಫೋನಿನಲ್ಲಿ ರಮ್ಮಿ ಹಾಕಿಕೊಂಡೆ. ಮೊದಲು ಪುಕ್ಕಟೆ ಆಟ. ಆಮೇಲೆ ನೂರು ರೂಪಾಯಿ. ಮೂರನೇ ವಾರ 6,000 ಗೆದ್ದೆ. ಗೆದ್ದದ್ದೇ ಕೇಡಾಯಿತು. ಹೆಂಡತಿ, ಮಗಳು ಮಲಗಿದ ಮೇಲೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ಸಣ್ಣಗೆ ಬಿಟ್ಟುಕೊಂಡು, ಮುಚ್ಚಿದ ಕಮೋಡಿನ ಮೇಲೆ ಕೂತು ಆಡುತ್ತಿದ್ದೆ. ನಲ್ಲಿ ಯಾಕೆ ಬಿಡುತ್ತಿದ್ದೆ ಗೊತ್ತಿಲ್ಲ. ಫೋನಿನ ಸದ್ದು ಬಂದ್ ಮಾಡಿಯೇ ಇರುತ್ತಿತ್ತು.

ಮನಸ್ಸಿಗೆ ಹೇಳಿಕೊಳ್ಳಲು ಕಾರಣಗಳು ಬೇಕಾದಷ್ಟಿದ್ದವು. ರಮ್ಮಿ ಬಹುಮಟ್ಟಿಗೆ ಕೌಶಲದ ಆಟ ಎಂದು 1967ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಹಾಗಾಗಿ ಇದು ಜೂಜಲ್ಲ ಎಂಬುದು ಮುಖ್ಯವಾದದ್ದು. ಆಟ ಬಲ್ಲವರಿಗೆ ಗೊತ್ತಿರುತ್ತದೆ: ಹದಿಮೂರು ಎಲೆ ಕೈಗೆ ಬಂದಾಗ ಜೋಡಣೆ ಸರಿಯಿಲ್ಲ ಅನಿಸಿದರೆ ಮೊದಲ ಸರದಿಯಲ್ಲೇ ‘ಡ್ರಾಪ್’ ಅನ್ನಬಹುದು, 20 ಪಾಯಿಂಟ್ ಹೋಗುತ್ತದೆ. ನಡುವೆ ಬಿಟ್ಟರೆ 40. ಕೊನೆಯವರೆಗೂ ಕೂತು ಸೋತರೆ 80ರ ತನಕ. ಇಷ್ಟು ಸರಳ ಲೆಕ್ಕ. ನಾನು ಮೊದಲ ಸರದಿಗೆ ಎದ್ದದ್ದು ಕಡಿಮೆ. ಇನ್ನೊಂದು ಎಲೆ ಬರಲಿ, ನೋಡೋಣ. ಕೌಶಲದ ಆಟವೇನೋ ಹೌದು, ಆ ಕೌಶಲ ನನ್ನಲ್ಲಿರಲಿಲ್ಲ. ಹದಿನಾಲ್ಕು ತಿಂಗಳಲ್ಲಿ 3,87,000 ರೂಪಾಯಿ ಹೋಯಿತು. ಅದರಲ್ಲಿ ಅರ್ಧದಷ್ಟು ಕ್ರೆಡಿಟ್ ಕಾರ್ಡಿನ ಸಾಲ.

ಇದೇ ವೇಳೆಯಲ್ಲಿ ನಾನು ನಮ್ಮ ಕನ್ನಡ ಕ್ರೈಸ್ತ ಕೂಟದ ಖಜಾಂಚಿ. ದೊಡ್ಡ ಸಭೆಯೇನಲ್ಲ, ಮೂವತ್ತು ಕುಟುಂಬ. ಗದಗ, ಹುಬ್ಬಳ್ಳಿ ಕಡೆಯವರು, ಬೀದರ ಕಡೆಯ ಮೆಥೊಡಿಸ್ಟರು, ಇಬ್ಬರು ಕೊಳ್ಳೇಗಾಲದವರು. ಮರಾಠಿ ಸಭೆಯವರ ಆರಾಧನೆ ಮುಗಿದ ಮೇಲೆ ಅವರದೇ ಕಟ್ಟಡದಲ್ಲಿ ಮಧ್ಯಾಹ್ನ ನಮ್ಮದು. ವರ್ಷಕ್ಕೊಮ್ಮೆ ಸುಗ್ಗಿ ಹಬ್ಬ. ಊರಲ್ಲಾದರೆ ಹೊಲದಿಂದ ಜೋಳ, ಕುಂಬಳಕಾಯಿ ಬರುತ್ತವೆ. ಇಲ್ಲಿ ಯಾರಿಗೆ ಹೊಲ? ಮಂಡಿಯಿಂದ ತೆಂಗಿನಕಾಯಿ, ಮನೆಯಿಂದ ಶೇಂಗಾ ಹೋಳಿಗೆ, ಬಾಲ್ಕನಿಯಲ್ಲಿ ಬೆಳೆದ ನಾಲ್ಕು ಬದನೆಕಾಯಿ. ಆರಾಧನೆಯಾದ ಮೇಲೆ ಸವಾಲು. ಒಂದು ಬಾಳೆಗೊನೆಯನ್ನು ಹಿಡಿದವರು ತಿರುಗಿ ಕೊಟ್ಟು, ಮತ್ತೆ ಸವಾಲು ಹಾಕಿ, ಮೂರು ಸಲ ಮಾರುತ್ತೇವೆ. ಆ ವರ್ಷ ಒಂದು ತೆಂಗಿನಕಾಯಿ 1,100ಕ್ಕೆ ಹೋಯಿತು. ಜೊತೆಗೆ ಕೃತಜ್ಞತಾ ಕಾಣಿಕೆಯ ಲಕೋಟೆಗಳು. ಯಾವುದಕ್ಕಾಗಿ ಕೊಟ್ಟದ್ದು ಎಂದು ಲಕೋಟೆಯ ಮೇಲೆ ಬರೆಯುವುದು ನಮ್ಮಲ್ಲಿ ರೂಢಿ. ಎಲ್ಲ ಸೇರಿ 46,350. ಬ್ಯಾಂಕು ಸೋಮವಾರ. ಅಲ್ಲಿಯವರೆಗೆ ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ, ನನ್ನ ಮನೆಯ ಕಪಾಟಿನಲ್ಲಿ.

ಆ ರಾತ್ರಿ ಹನ್ನೊಂದರ ಹೊತ್ತಿಗೆ ನನ್ನ ಖಾತೆಯಲ್ಲಿದ್ದ ಕೊನೆಯ 9,000 ಹೋಗಿತ್ತು.

ಮತ್ತಾಯನ ಸುವಾರ್ತೆಯಲ್ಲಿ ಯೇಸು ನಲವತ್ತು ದಿನ ಉಪವಾಸವಿದ್ದು ಹಸಿದಾಗ ಸೈತಾನ ಬರುತ್ತಾನೆ. ಎರಡನೆಯ ಸಲ ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಧುಮುಕು ಎಂದು ಹೇಳುವಾಗ ಅವನು ಕೀರ್ತನೆಯ ವಚನವನ್ನೇ ಎತ್ತಿ ಆಡುತ್ತಾನೆ. ಸಂಡೇ ಸ್ಕೂಲಿನಲ್ಲಿ ಕೇಳುವಾಗ ಇದು ವಿಚಿತ್ರ ಅನಿಸುತ್ತಿತ್ತು, ಸೈತಾನನಿಗೆ ವಚನ ಬಾಯಿಪಾಠ ಬರುತ್ತದೆಯೇ? ಬರುತ್ತದೆ. ಆ ರಾತ್ರಿ ನನ್ನ ತಲೆಗೆ ಬಂದದ್ದು ತಲಾಂತುಗಳ ಸಾಮ್ಯ. ಯಜಮಾನ ಕೊಟ್ಟ ಹಣವನ್ನು ದುಪ್ಪಟ್ಟು ಮಾಡಿದ ಆಳುಗಳಿಗೆ ಶಹಬ್ಬಾಸ್, ನೆಲದಲ್ಲಿ ಹೂತಿಟ್ಟವನಿಗೆ ಬೈಗುಳ. ಕಪಾಟಿನಲ್ಲಿ ಇಟ್ಟರೆ ಹೂತಿಟ್ಟ ಹಾಗೆಯೇ ಅಲ್ಲವೇ? ಬೆಳಗಾಗುವುದರೊಳಗೆ ದುಪ್ಪಟ್ಟು ಮಾಡಿ, ಅಸಲು ಡಬ್ಬಿಗೆ ಹಾಕಿದರಾಯಿತು, ಮೇಲೆ ಐದು ಸಾವಿರ ಕಾಣಿಕೆಯನ್ನೂ ಕೊಡಬಹುದು. ಇದನ್ನು ಬರೆಯುವಾಗ ನಗು ಬರುತ್ತದೆ. ಆಗ ಬರಲಿಲ್ಲ.

ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಇಳಿದೆ. ಪಿಂಪಳೆ ಗುರವದಲ್ಲಿ ನಮ್ಮ ರಸ್ತೆಯ ತುದಿಗೆ ನಗದು ತುಂಬುವ ಮಷಿನ್ ಇದೆ, ರಾತ್ರಿಯೆಲ್ಲ ತೆರೆದಿರುತ್ತದೆ. ಅದು ಸಣ್ಣ ನೋಟು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಒಳಗೆ ನೆಲದ ಮೇಲೆ ಕೂತು, ಹತ್ತು-ಇಪ್ಪತ್ತರವನ್ನು ಬೇರೆ ಮಾಡಿ ಐನೂರರ ಕಟ್ಟು ಕಟ್ಟತೊಡಗಿದೆ. ಲಕೋಟೆಗಳೂ ಅಲ್ಲೇ ಇದ್ದವು. ಒಂದರ ಮೇಲೆ, ಮಗ ಆಸ್ಪತ್ರೆಯಿಂದ ಮನೆಗೆ ಬಂದದ್ದಕ್ಕೆ, 51 ರೂಪಾಯಿ ಎಂದು ಬರೆದಿತ್ತು. ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವ ತಾಯಿ ಕೊಟ್ಟದ್ದು. ಅದನ್ನು ಓದಿ ನನ್ನ ಮನಸ್ಸು ಕರಗಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳು. ಲಕೋಟೆಯನ್ನು ಪಕ್ಕಕ್ಕಿಟ್ಟು ಎಣಿಕೆ ಮುಂದುವರಿಸಿದೆ.

ಎಣಿಸುತ್ತ ತುಟಿ ಅಲ್ಲಾಡುತ್ತಿತ್ತು. ನೋಟಿನ ಲೆಕ್ಕ ಅಂದುಕೊಂಡಿದ್ದೆ. ಕಿವಿಗೊಟ್ಟರೆ ಅದು ಪ್ರಾರ್ಥನೆ. ದೇವರೇ, ಇದೊಂದು ಸಲ ಗೆಲ್ಲಿಸು. ಹದಿನಾಲ್ಕು ತಿಂಗಳಿಂದ ಬಚ್ಚಲುಮನೆಯಲ್ಲಿ ಕೂತು ನಾನು ಮಾಡಿದ್ದ ಏಕೈಕ ಪ್ರಾಮಾಣಿಕ ಪ್ರಾರ್ಥನೆ ಅದೇ ಇರಬೇಕು. ಅಜ್ಜಿ ಕಲಿಸಿದ ಕರ್ತನ ಪ್ರಾರ್ಥನೆಯನ್ನು ದಿನವೂ ಹೇಳುತ್ತಿದ್ದೆ, ಊಟಕ್ಕೆ ಮುಂಚೆ, ಮಗಳ ಜೊತೆ. ಅದರಲ್ಲಿ ಶೋಧನೆ ಎಂಬ ಮಾತು ಬರುತ್ತದೆ. ಹೊರಗಿನವರಿಗೆ ಶೋಧನೆ ಅಂದರೆ ಹುಡುಕಾಟ, ಪೊಲೀಸರ ಶೋಧ. ನಮ್ಮ ಸತ್ಯವೇದದ ಕನ್ನಡದಲ್ಲಿ ಅದು ಕೆಟ್ಟದ್ದಕ್ಕೆ ಎಳೆಯುವ ಸೆಳೆತವೂ ಹೌದು, ಮನುಷ್ಯನನ್ನು ಒರೆಗೆ ಹಚ್ಚುವ ಪರೀಕ್ಷೆಯೂ ಹೌದು. ಆ ಪ್ರಾರ್ಥನೆ ಶೋಧನೆಯಲ್ಲಿ ಗೆಲ್ಲುವ ಬಲ ಕೇಳುವುದಿಲ್ಲ. ಅಲ್ಲಿಗೆ ಕರೆದೊಯ್ಯಬೇಡ ಎಂದಷ್ಟೇ ಕೇಳುತ್ತದೆ. ಹಿಂದಿನ ಸಂದಿಯಿಂದ ಅಂಗಡಿಗೆ ಹೋಗುವವರ ಪ್ರಾರ್ಥನೆ. ನಾನೋ ಡಬ್ಬಿ ಹೊತ್ತು ಮಷಿನ್ನಿನ ಮುಂದೆ ಬಂದು ಕೂತು, ಗೆಲ್ಲಿಸು ಅನ್ನುತ್ತಿದ್ದೇನೆ. ಆಗ ಹೆದರಿಕೆಯಾಯಿತು. ಪಾಪದ ಹೆದರಿಕೆ ಎಂದು ಹೇಳಲಾರೆ. ಬಾವಿಯ ಅಂಚಿನಲ್ಲಿ ಕಾಲು ಜಾರಿದಾಗ ಆಗುತ್ತದಲ್ಲ, ಅಂಥದ್ದು.

ಯೋಸೇಫನ ಕತೆಯಲ್ಲಿ ಪೋಟೀಫರನ ಹೆಂಡತಿ ಅವನ ಬಟ್ಟೆ ಹಿಡಿದುಕೊಂಡಾಗ ಅವನು ವಾದ ಮಾಡುತ್ತ ನಿಲ್ಲುವುದಿಲ್ಲ. ಬಟ್ಟೆಯನ್ನು ಅವಳ ಕೈಯಲ್ಲೇ ಬಿಟ್ಟು ಓಡುತ್ತಾನೆ. ನಾನು ಎಲ್ಲವನ್ನೂ ಡಬ್ಬಿಗೆ ತುರುಕಿ, ಸ್ಕೂಟರ್ ತೆಗೆದು ದಾಪೋಡಿಯ ದಾರಿ ಹಿಡಿದೆ. ಮನೆಗೆ ಹೋಗಲು ಧೈರ್ಯವಾಗಲಿಲ್ಲ. ಮನೆಗೆ ಹೋದರೆ ಬಚ್ಚಲುಮನೆ. ಹ್ಯಾರಿಸ್ ಸೇತುವೆ ದಾಟುವಾಗ ನವೆಂಬರಿನ ಚಳಿಗೆ ಕೈ ಮರಗಟ್ಟಿತ್ತು. ಖಡಕಿಯಲ್ಲಿ ಬೀದರ ಕಡೆಯ ಕಾಕಾ ಇರುತ್ತಾರೆ, ನಮ್ಮ ಕೂಟದ ಹಿರಿಯರು.

“ಯಾರದು?”

“ನಾನ್ರಿ ಕಾಕಾ.”

ಬಾಗಿಲು ತೆರೆದು ಚೀಲ ನೋಡಿದರು, ನನ್ನ ಮುಖ ನೋಡಿದರು. “ಒಳಗ ಬಾ. ನಿಮ್ಮ ಕಾಕಿ ಮಲ್ಗ್ಯಾಳ, ಸಣ್ಣಗ ಮಾತಾಡು.”

“ಈ ರೊಕ್ಕ ನಿಮ್ಮ ಕಡೆ ಇರ್ಲಿ ಕಾಕಾ. ನನ್ನ ಹತ್ರ ಇದ್ರ ಉಳಿಯಂಗಿಲ್ರಿ.”

ಯಾಕೆ ಎಂದು ಕೇಳಲಿಲ್ಲ. ಕನ್ನಡಕ ಹಾಕಿಕೊಂಡು ಎಣಿಸಿದರು. ಎರಡು ಸಲ. ಚಿಲ್ಲರೆಯನ್ನೂ. ಆಮೇಲೆ ಮೊಮ್ಮಗನ ನೋಟ್‌ಬುಕ್ಕಿನ ಹಾಳೆ ಹರಿದು ಆ ರಸೀದಿ ಬರೆದು ಕೈಗೆ ಕೊಟ್ಟರು. “ಈಗ ಹೇಳು. ಎಷ್ಟು ಹೋಗ್ಯಾದ?”

“ಮೂರು ಲಕ್ಷದ ಮ್ಯಾಲ.”

“ಮನ್ಯಾಗ ಗೊತ್ತದ?”

“ಇಲ್ರಿ.”

“ಹಂಗಾದ್ರ ಡಬ್ಬಿ ಇನ್ನಾ ಪೂರಾ ಖಾಲಿ ಆಗಿಲ್ಲ.”

ಈಗ ಪ್ರಾರ್ಥನೆ ಮಾಡುತ್ತಾರೆ ಎಂದು ಕಣ್ಣು ಮುಚ್ಚಿ ತಲೆ ತಗ್ಗಿಸಿ ಕೂತೆ. ಬಹಳ ಹೊತ್ತು ಏನೂ ಕೇಳಲಿಲ್ಲ. ಕಣ್ಣು ಬಿಟ್ಟರೆ ಅವರು ಅಡಿಗೆಮನೆಯಲ್ಲಿ ಚಹಾಕ್ಕೆ ನೀರಿಡುತ್ತಿದ್ದರು.

ಹೆಂಡತಿಗೆ ಹೇಳಿದ ಬೆಳಗಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವಳು ಬ್ಯಾಂಕಿನ ಸ್ಟೇಟ್‌ಮೆಂಟ್ ಕೇಳಿದಳು, ಕೆಂಪು ಪೆನ್ನಿನಿಂದ ಒಂದೊಂದೇ ಗೆರೆ ಎಳೆದಳು. ಮೂರು ತಿಂಗಳು ಬೇಕಾದಷ್ಟೇ ಮಾತು. ಕ್ಷಮೆ ಎಂಬ ಮಾತನ್ನು ನಾನಿಲ್ಲಿ ಬಳಸಲಾರೆ, ಅದು ಅವಳ ಮಾತು. ಹೇಳುವುದಾದರೆ ಅವಳು ಹೇಳಬೇಕು. ಸಂಬಳ ಈಗ ಅವಳ ಖಾತೆಗೆ ಹೋಗುತ್ತದೆ. ಖಜಾಂಚಿ ಕೆಲಸವನ್ನು ನಾನೇ ಬಿಟ್ಟೆ. ಸಭೆಗೆ ಕಾರಣ ಹೇಳಿದೆ, ಎದ್ದು ನಿಂತು. ನಾಲ್ಕು ವಾಕ್ಯ. ಆಮೇಲೆ ಮೂವರು ಬೇರೆ ಬೇರೆ ದಿನ ನನ್ನನ್ನು ಪಕ್ಕಕ್ಕೆ ಕರೆದು ತಮ್ಮ ತಮ್ಮ ಆ್ಯಪಿನ ಹೆಸರು ಹೇಳಿದರು.

2023ರ ಫೆಬ್ರುವರಿ 22 ಬೂದಿ ಬುಧವಾರ. ಶ್ರಮಕಾಲದಲ್ಲಿ ಮಾಂಸ ಬಿಡುವವರಿದ್ದಾರೆ, ಚಹಾ ಬಿಡುವವರಿದ್ದಾರೆ. ನಾನು ರಾತ್ರಿ ಒಂಬತ್ತರ ನಂತರ ಫೋನ್ ಬಿಟ್ಟೆ. ಒಂಬತ್ತಕ್ಕೆ ಅದು ಹೆಂಡತಿಯ ಕಪಾಟಿಗೆ. ಒಂಬತ್ತರಿಂದ ಹನ್ನೊಂದು ಬಹಳ ಉದ್ದದ ಹೊತ್ತು, ಅದನ್ನು ಕಳೆಯಲು ಪಾತ್ರೆ ತೊಳೆಯುತ್ತಿದ್ದೆ, ಒಂದು ಅಧ್ಯಾಯ ಓದುತ್ತಿದ್ದೆ, ಮಗಳ ಪೆನ್ಸಿಲ್ ಎಲ್ಲ ಚೂಪು ಮಾಡಿ ಇಡುತ್ತಿದ್ದೆ. ಮೊದಲ ವಾರ ಬೆರಳು ಸುಮ್ಮನೆ ಹಾಸಿಗೆಯ ಮೇಲೆ ಎಲೆ ಸರಿಸುತ್ತಿತ್ತು. ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ. ಆರು ಭಾನುವಾರ ಲೆಕ್ಕಕ್ಕಿಲ್ಲ, ಅವು ಉಪವಾಸದ ದಿನಗಳಲ್ಲ, ಹಾಗಾಗಿ ನಲವತ್ತು. ಈ ಲೆಕ್ಕ ನನ್ನಂಥವನ ಕೈಗೆ ಸಿಗಬಾರದು. ಲೆಕ್ಕಕ್ಕಿಲ್ಲದ ದಿನ ಆಡಬಹುದಲ್ಲ? ಮಾರ್ಚ್ 12, ಮೂರನೆಯ ಭಾನುವಾರ, ಹೆಂಡತಿ ತವರಿಗೆ ಹೋಗಿದ್ದಾಗ ಗೆಳೆಯನಿಂದ 2,000 ಸಾಲ ಪಡೆದು ಆಡಿದೆ. ನಲವತ್ತು ನಿಮಿಷಕ್ಕೆ ಮುಗಿಯಿತು. ಸೋಮವಾರ ಕಾಕಾಗೆ ಫೋನ್ ಮಾಡಿ ಹೇಳಿದೆ. “ಬರಕೋ” ಅಂದರು. ಬರೆದುಕೊಂಡೆ. ಕೊನೆಯ ಸಲ ಆಡಿದ್ದು ಅದು.

ಆ ವಾರದ ವಚನಾಭ್ಯಾಸದಲ್ಲಿ ಸಭಾಪಾಲಕರು ಅಲಿಪಿಯಸ್‌ನ ಕತೆ ಹೇಳಿದರು. ಸಂತ ಅಗಸ್ಟೀನ್ 4ನೇ ಶತಮಾನದ ಕೊನೆಯ ಹೊತ್ತಿಗೆ ಬರೆದ ಆತ್ಮನಿವೇದನೆಯಲ್ಲಿ ಬರುವ ಅವನ ಗೆಳೆಯ. ರೋಮಿನಲ್ಲಿ ಕಾನೂನು ಓದಲು ಹೋದವನು. ಮನುಷ್ಯರು ಕತ್ತಿ ಹಿಡಿದು ಕಾದಾಡುವ ಆಟ ಅವನಿಗೆ ಹೇಸಿಗೆ. ಗೆಳೆಯರು ಬಲವಂತದಿಂದ ಎಳೆದೊಯ್ದರು. ದೇಹ ಇಲ್ಲಿದ್ದರೂ ನಾನು ಇಲ್ಲಿ ಇರುವುದಿಲ್ಲ ಎಂದು ಕಣ್ಣು ಮುಚ್ಚಿ ಕೂತ. ಒಬ್ಬ ಬಿದ್ದಾಗ ಜನರ ಬೊಬ್ಬೆ ಕೇಳಿ ಒಂದೇ ಒಂದು ಸಲ ಕಣ್ಣು ತೆರೆದ. ಆಮೇಲೆ ಇತರರನ್ನು ಅಲ್ಲಿಗೆ ಎಳೆದೊಯ್ಯುವವನು ಅವನೇ ಆದ. ತನ್ನ ಮೇಲೇ ನೆಚ್ಚಿಕೆ ಇಟ್ಟದ್ದು ತಪ್ಪು ಅನ್ನುತ್ತಾನೆ ಅಗಸ್ಟೀನ್. ಅಲಿಪಿಯಸ್ ಮುಂದೆ ಬಿಷಪ್ ಆದ ಎಂದು ಯಾರೋ ಸಮಾಧಾನಕ್ಕೆ ಸೇರಿಸಿದರು. ನನಗೆ ಹಿಡಿಸಿದ್ದು ಆ ಮುಚ್ಚಿದ ಕಣ್ಣು. ಆ್ಯಪ್ ತೆಗೆಯದೆ, ನೋಟಿಫಿಕೇಶನ್ ಮಾತ್ರ ಬಂದ್ ಮಾಡಿ, ನಾನು ಎಷ್ಟು ತಿಂಗಳು ಹಾಗೆ ಕೂತಿದ್ದೆ.

2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾನೂನು ಸಂಸತ್ತಿನಲ್ಲಿ ಪಾಸಾಯಿತು. ಕೂಟದ ಗುಂಪಿನಲ್ಲಿ ನನಗೆ ಅಭಿನಂದನೆಗಳು ಬಂದವು, ಮಸೂದೆ ನಾನೇ ಮಂಡಿಸಿದ ಹಾಗೆ. ಒಳ್ಳೆಯದೇ ಆಯಿತು. ಆದರೆ ಅದೇ ವಾರ ಆಫೀಸಿನ ಹುಡುಗನೊಬ್ಬ ಷೇರಿನ ಆಪ್ಶನ್ಸ್ ತೋರಿಸುತ್ತ, “ಇದು ಜೂಜಲ್ಲ ಸರ್, ಕೌಶಲ” ಅಂದ. ಈ ವ್ಯವಹಾರ ಮಾಡುವ ಸಾಮಾನ್ಯ ಹೂಡಿಕೆದಾರರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಕಳೆದುಕೊಳ್ಳುತ್ತಾರೆ ಎಂದು ಸೆಬಿಯೇ ಲೆಕ್ಕ ಹಾಕಿ ಹೇಳಿದೆ. ನನಗೆ ಅದು ಗೊತ್ತಿತ್ತು. ಆದರೂ ಅವನ ಪರದೆಯ ಮೇಲಿನ ಹಸಿರು ಗೆರೆಯಿಂದ ಕಣ್ಣು ಕೀಳಲು ಒಂದು ಗಳಿಗೆ ಬೇಕಾಯಿತು. ಚಹಾ ಕುಡಿದು ಬರುತ್ತೇನೆ ಎಂದು ಎದ್ದು ಹೋದೆ. ಲಿಫ್ಟಿಗೆ ಕಾಯಲಿಲ್ಲ, ಮೆಟ್ಟಿಲು ಇಳಿದೆ.

ಹೋದ ಸುಗ್ಗಿ ಹಬ್ಬದಲ್ಲಿ ಹೊಸ ಖಜಾಂಚಿಗೆ ಎಣಿಸಲು ಒಬ್ಬರು ಬೇಕಿತ್ತು, ನನ್ನನ್ನು ಕರೆದಳು. ಚಿಕ್ಕ ಹುಡುಗಿ, ಬಂದು ಎರಡು ವರ್ಷವೂ ಆಗಿಲ್ಲ, ನನ್ನ ಕತೆ ಗೊತ್ತಿಲ್ಲವೇನೋ ಅಂದುಕೊಂಡೆ. ಗೊತ್ತಿತ್ತು. ಎಣಿಸಿ ಮೊತ್ತ ಹೇಳಿದೆ. ಕಾಕಾ ಪಕ್ಕದ ಕುರ್ಚಿಯಿಂದ ಎದ್ದು ಬಂದು, ನನ್ನ ಕೈಯಿಂದ ಕಟ್ಟು ತೆಗೆದುಕೊಂಡು, ಕನ್ನಡಕ ಏರಿಸಿ, ಮತ್ತೊಮ್ಮೆ ಮೊದಲಿನಿಂದ ಎಣಿಸಿದರು. ಎರಡು ಸಲ. ಚಿಲ್ಲರೆಯನ್ನೂ.