ಸುಟ್ಟ ಮನೆಯಲ್ಲಿ ರಜೆ

ಇಂಗ್ಲೆಂಡಿನ ವಾರ್ವಿಕ್‌ಶೈರ್‌ನಲ್ಲಿರುವ ಆಸ್ಟ್ಲಿ ಕ್ಯಾಸಲ್ ಹೆಸರಿಗಷ್ಟೇ ಕೋಟೆ. ಅಸಲಿಗೆ ಅದು ಸುತ್ತ ಕಂದಕವಿರುವ ಹಳೇ ಜಮೀನ್ದಾರಿ ಮನೆ. ಒಂಬತ್ತು ದಿನದ ರಾಣಿ ಲೇಡಿ ಜೇನ್ ಗ್ರೇ ಮನೆತನಕ್ಕೆ ಸೇರಿದ್ದು. 1978ರಲ್ಲಿ ಬೆಂಕಿ ಬಿದ್ದು ಸೂರು ಹೋಯ್ತು. ಆಮೇಲೆ ವರ್ಷಗಟ್ಟಲೆ ಮಳೆ ಬಿಸಿಲಿಗೆ ಪಾಳು ಬಿದ್ದಿತ್ತು.

ಅದನ್ನು ಎತ್ತಿ ನಿಲ್ಲಿಸಿದ್ದು ಲ್ಯಾಂಡ್‌ಮಾರ್ಕ್ ಟ್ರಸ್ಟ್. ಹಳೇ ಕಟ್ಟಡಗಳನ್ನು ದುರಸ್ತಿ ಮಾಡಿ ರಜೆಗೆ ಬಾಡಿಗೆ ಕೊಡುವ ಈ ಸಂಸ್ಥೆ ಶುರುವಾಗಿದ್ದು 1965ರಲ್ಲಿ. ಮುರಿದ ಕಲ್ಲುಗೋಡೆಗಳನ್ನು ಕೆಡವದೆ, ಅವುಗಳ ಮಧ್ಯೆಯೇ ಹೊಸ ಇಟ್ಟಿಗೆಯ ಮನೆ ಕಟ್ಟಿಸಿದರು. ಕಲ್ಲು ಎಲ್ಲಿ ಮುಗಿದು ಇಟ್ಟಿಗೆ ಎಲ್ಲಿ ಶುರುವಾಗುತ್ತೆ ಅನ್ನೋದು ಕಣ್ಣಿಗೇ ಕಾಣುತ್ತೆ, ಮುಚ್ಚಿಟ್ಟಿಲ್ಲ. ಮಲಗುವ ಕೋಣೆಗಳು ಕೆಳಗೆ, ಅಡುಗೆ, ಊಟ, ಹರಟೆ ಎಲ್ಲ ಮೇಲಿನ ಒಂದೇ ದೊಡ್ಡ ಹಜಾರದಲ್ಲಿ. ಒಂದು ಭಾಗಕ್ಕೆ ಸೂರೇ ಹಾಕದೆ ಆಕಾಶಕ್ಕೆ ಬಿಟ್ಟಿದ್ದಾರೆ. ವಾಸ್ತುಶಿಲ್ಪಕ್ಕೆ ಕೊಡುವ ಸ್ಟರ್ಲಿಂಗ್ ಪ್ರಶಸ್ತಿ 2013ರಲ್ಲಿ ಇದಕ್ಕೇ ಬಂತು.

ಎಂಟು ಜನ ಉಳಿಯಬಹುದು. ಟಿವಿ ಇಲ್ಲ. ಅಜ್ಜಿಯ ಎಂಬತ್ತರ ಹುಟ್ಟುಹಬ್ಬಕ್ಕೆ ಹೋಟೆಲಿಗಿಂತ ಇಂಥ ಮನೆಯೇ ಸರಿ ಅನ್ನಿಸುತ್ತೆ ನನಗೆ. ಹೋಟೆಲಲ್ಲಿ ಉಂಡೆದ್ದು ಅವರವರ ರೂಮು ಸೇರ್ಕೋತೀವಿ. ಇಲ್ಲಿ ಒಬ್ಬರು ಈರುಳ್ಳಿ ಹೆಚ್ಚಬೇಕು, ಇನ್ನೊಬ್ಬರು ಪಾತ್ರೆ ತೊಳೀಬೇಕು, ಮಾತು ತಾನಾಗಿ ಬೆಳೆಯುತ್ತೆ. ಕೊಟ್ಟ ಬಾಡಿಗೆ ಇಂಥ ಹಳೇ ಕಟ್ಟಡಗಳ ನಿರ್ವಹಣೆಗೆ ಹೋಗುತ್ತೆ.

ನಮ್ಮ ಮಲೆನಾಡಲ್ಲಿ ತೊಟ್ಟಿಮನೆಗಳ ಕಂಬ, ಬಾಗಿಲು ಬಿಡಿಬಿಡಿಯಾಗಿ ಮಾರಾಟ ಆಗ್ತಿವೆ. ಮಾರೋ ಮುಂಚೆ ಯಾರಾದ್ರೂ ಹೀಗೆ ದುರಸ್ತಿ ಮಾಡಿ ರಜೆಗೆ ಬಾಡಿಗೆ ಕೊಡೋ ದಾರೀನೂ ಯೋಚಿಸಿ ನೋಡಲಿ ಅಂತ ಆಸೆ.