ಗಣಕಯಂತ್ರದ ಪಾಠಶುದ್ಧಿ

ಕೆಟ್ಟುದೆಲ್ಲವೂ ಬಿಸುಡತಕ್ಕದ್ದಲ್ಲ. ತೂತುಬಿದ್ದ ತಾಮ್ರದ ಕೊಡಕ್ಕೆ ಬೆಸುಗೆ ಹಾಕಿಸುತ್ತಿದ್ದ ನಮ್ಮ ಹಿರಿಯರು ಈ ಮಾತನ್ನು ದಾರಿತಪ್ಪಿದ ಮಕ್ಕಳ ವಿಷಯದಲ್ಲಿಯೂ ಹೇಳುತ್ತಿದ್ದರು. ಮಡಿವಾಳ ಮಾಚಿದೇವರ ಕಾಯಕದ ಮರ್ಮವೂ ಇದೇ ಅಲ್ಲವೆ? ಬಟ್ಟೆಗೆ ಕೊಳೆ ಹತ್ತಿದರೆ ಕೊಳೆಯನ್ನು ಕಳೆಯಬೇಕು, ಬಟ್ಟೆಯನ್ನು ಉಳಿಸಬೇಕು. ಆದರೆ ಇಂದು ಮನೆಮನೆಗೂ ಬಂದು ಕುಳಿತಿರುವ ಗಣಕಯಂತ್ರದ ವಿಷಯದಲ್ಲಿ ಈ ವಿವೇಕವನ್ನು ನಾವೆಲ್ಲ ಮರೆತಂತೆ ತೋರುತ್ತದೆ. ಯಂತ್ರ ತುಸು ತಡವರಿಸಿತೆಂದರೆ ಸಾಕು, “ಫಾರ್ಮ್ಯಾಟ್ ಮಾಡಿಬಿಡಿ” ಎಂಬ ಸಲಹೆ ನಾಲ್ಕು ಕಡೆಯಿಂದ ಬರುತ್ತದೆ. ಫಾರ್ಮ್ಯಾಟ್ ಎಂದರೆ ಅದರೊಳಗೆ ಇದ್ದುದನ್ನೆಲ್ಲ ತೊಡೆದುಹಾಕಿ ಹೊಸದಾಗಿ ಆರಂಭಿಸುವುದು. ಒಂದು ಗರಿಗೆ ಹುಳು ಹಿಡಿಯಿತೆಂದು ಇಡೀ ಓಲೆಯ ಕಟ್ಟನ್ನೇ ಒಲೆಗೆ ಹಾಕಿದಂತೆ!

ಮಠದ ಪಾಠಶಾಲೆಯಲ್ಲಿ ವ್ಯಾಸಂಗ ಮಾಡುತ್ತಿದ್ದ ದಿನಗಳಲ್ಲಿ ನಮಗೆ ಗ್ರಂಥಸಂಪಾದನೆಯ ಮೊದಲ ಪಾಠಗಳು ದೊರೆತವು. ಓಲೆಗರಿಯ ಪ್ರತಿಯಲ್ಲಿ ಅಕ್ಷರ ಲುಪ್ತವಾಗಿದ್ದರೆ ಏನು ಮಾಡಬೇಕು? ಗುರುಗಳು ಹೇಳುತ್ತಿದ್ದ ಕ್ರಮ ಸರಳವಾಗಿತ್ತು. ಮೊದಲು ಎಲ್ಲಿ ಕೆಟ್ಟಿದೆಯೆಂಬುದನ್ನು ಗುರುತಿಸು. ಬಳಿಕ ಬೇರೆ ಪ್ರತಿಗಳನ್ನು ತಂದು ಹೋಲಿಸು. ಶುದ್ಧಪಾಠ ದೊರೆತರೆ ತಿದ್ದು. ದೊರೆಯದಿದ್ದರೆ ಆ ಸ್ಥಳವನ್ನು ಖಾಲಿ ಬಿಡು. ಊಹೆಯಿಂದ ಮಾತ್ರ ತುಂಬಬೇಡ. ಹಿಂದಿನ ಲಿಪಿಕಾರರು ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿ, ಕೃತಿಯ ಪ್ರಮಾಣವನ್ನು ದಾಖಲಿಸುವ ಪದ್ಧತಿಯನ್ನು ಇಟ್ಟುಕೊಂಡಿದ್ದರು. ಮುಂದೆ ಯಾರಾದರೂ ಎಣಿಸಿ ನೋಡಿದಾಗ ಲೆಕ್ಕ ಕಡಿಮೆ ಬಂದರೆ ನಡುವೆ ಏನೋ ಬಿಟ್ಟುಹೋಗಿದೆಯೆಂದು ತಿಳಿಯುತ್ತಿತ್ತು. ಡಾ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಯ ಕಟ್ಟುಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರೆಂಬುದು ನಮ್ಮ ಓದುಗರಿಗೆ ತಿಳಿದ ಸಂಗತಿಯೇ. ಹುಳು ತಿಂದ ಗರಿಗಳನ್ನು ಅವರು ನಿರುಪಯುಕ್ತವೆಂದು ಬಿಟ್ಟಿದ್ದರೆ ಇಂದು ನಮ್ಮ ಬಾಯಲ್ಲಿರುವ ಎಷ್ಟು ವಚನಗಳು ಇರುತ್ತಿದ್ದವೋ!

ಈ ಪಾಠ ಗಣಕಯಂತ್ರಕ್ಕೂ ಅಕ್ಷರಶಃ ಅನ್ವಯಿಸುತ್ತದೆಂಬುದು ನಮಗೆ ಇಳಿವಯಸ್ಸಿನಲ್ಲಿ ದೊರೆತ ಅರಿವು.

ಗಣಕಯಂತ್ರವನ್ನು ನಡೆಸುವ ವಿಂಡೋಸ್ ಎಂಬ ಕಾರ್ಯವ್ಯವಸ್ಥೆಯು ಒಂದೇ ಒಂದು ವಸ್ತುವಲ್ಲ. ಅದು ಸಹಸ್ರಾರು ಕಡತಗಳ ಸಮೂಹ. ಅಕ್ಷರವನ್ನು ತೆರೆಯ ಮೇಲೆ ಮೂಡಿಸಲು ಒಂದು, ಮುದ್ರಣಯಂತ್ರದೊಡನೆ ಮಾತನಾಡಲು ಇನ್ನೊಂದು, ಯಂತ್ರ ಎಚ್ಚರಗೊಳ್ಳುವಾಗ ಮೊದಲು ಓದಬೇಕಾದದ್ದು ಮತ್ತೊಂದು. ಇವುಗಳಲ್ಲಿ ಕೆಲವು ಕೆಟ್ಟರೆ ಚಿಕ್ಕ ತೊಂದರೆ; ಕೆಲವು ಕೆಟ್ಟರೆ ಯಂತ್ರವೇ ಏಳದು. ಕೆಡುವುದಕ್ಕೆ ಕಾರಣಗಳೂ ಹಲವು. ವ್ಯವಸ್ಥೆಯು ತನ್ನನ್ನು ನವೀಕರಿಸಿಕೊಳ್ಳುತ್ತಿರುವಾಗಲೇ ವಿದ್ಯುತ್ತು ಹೋಗಬಹುದು, ಡಿಸ್ಕು ಸವೆದಿರಬಹುದು, ಸ್ಮೃತಿಕೋಶ, ಎಂದರೆ ರ‍್ಯಾಮ್, ದೋಷಯುಕ್ತವಾಗಿರಬಹುದು, ದುಷ್ಟ ತಂತ್ರಾಂಶ ಒಳನುಗ್ಗಿರಬಹುದು. ಕರೆಂಟು ಹೇಳದೆ ಕೇಳದೆ ಹೋಗುವ ನಮ್ಮ ಊರುಗಳಲ್ಲಿ ಮೊದಲನೆಯ ಕಾರಣಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ.

ಈ ಕೇಡನ್ನು ಪತ್ತೆಹಚ್ಚಿ ತಿದ್ದುವ ಸಾಧನವು ವಿಂಡೋಸಿನ ಒಡಲಲ್ಲಿಯೇ ಇದೆ. ಅದರ ಹೆಸರು ಸಿಸ್ಟಮ್ ಫೈಲ್ ಚೆಕರ್, ಸಂಕ್ಷೇಪವಾಗಿ ಎಸ್‌ಎಫ್‌ಸಿ. 1998ರ ವಿಂಡೋಸ್ 98ರಲ್ಲಿಯೇ ಈ ಹೆಸರಿನ ಉಪಕರಣವಿತ್ತು. ಆ ಕಾಲದಲ್ಲಿ ಹೊಸ ತಂತ್ರಾಂಶವನ್ನು ಅಳವಡಿಸುವಾಗ ಅದು ವ್ಯವಸ್ಥೆಯ ಕಡತವೊಂದನ್ನು ಅಳಿಸಿ ತನ್ನ ಪ್ರತಿಯನ್ನು ಅಲ್ಲಿ ಇಟ್ಟುಬಿಡುವುದು ಸಾಮಾನ್ಯವಾಗಿತ್ತು. 2000ದಲ್ಲಿ ಬಂದ ವಿಂಡೋಸ್ 2000 ಈ ಅತಿಕ್ರಮಣಕ್ಕೆ ಕಾವಲು ಹಾಕಿತು. ಮುಂದೆ ವಿಸ್ಟಾ ಕಾಲದಲ್ಲಿ ಕಾವಲು ಇನ್ನೂ ಬಿಗಿಯಾಗಿ, ಯಂತ್ರದ ಒಡೆಯನೇ ಆದರೂ ಮುಖ್ಯ ಕಡತಗಳನ್ನು ನೇರವಾಗಿ ಮುಟ್ಟದಂತೆ ಏರ್ಪಾಡಾಯಿತು.

ಎಸ್‌ಎಫ್‌ಸಿ ಕೆಲಸ ಮಾಡುವ ಬಗೆ ನಮ್ಮ ಪಾಠಶೋಧನೆಯದೇ ಬಗೆ. ಪ್ರತಿ ಕಡತಕ್ಕೂ ಗಣಿತದಿಂದ ಪಡೆದ ಒಂದು ಸಂಖ್ಯಾಮುದ್ರೆ ಇರುತ್ತದೆ. ತಂತ್ರಜ್ಞರು ಅದನ್ನು ಹ್ಯಾಶ್ ಎನ್ನುತ್ತಾರೆ. ಕಡತದಲ್ಲಿ ಒಂದು ಬಿಟ್ಟಿನಷ್ಟು ವ್ಯತ್ಯಾಸವಾದರೂ ಮುದ್ರೆ ಬೇರೆಯಾಗುತ್ತದೆ. ಲಿಪಿಕಾರರ ಗ್ರಂಥಸಂಖ್ಯೆ ಬಿಟ್ಟುಹೋದುದನ್ನು ಮಾತ್ರ ತೋರಿಸುತ್ತಿತ್ತು. ಈ ಮುದ್ರೆಯು ಒಂದು ಅಕ್ಷರದ ಬದಲಿಗೆ ಇನ್ನೊಂದು ಬಂದುದನ್ನೂ ತೋರಿಸುತ್ತದೆ. ಮುದ್ರೆ ತಾಳೆಯಾಗದ ಕಡತ ಕಂಡರೆ, ವಿಂಡೋಸ್ ತನ್ನೊಳಗೆ ವಿನ್‌ಎಸ್‌ಎಕ್ಸ್‌ಎಸ್ ಎಂಬ ಹೆಸರಿನಲ್ಲಿ ಕಾಪಿಟ್ಟುಕೊಂಡಿರುವ ಭಂಡಾರದಿಂದ ಶುದ್ಧಪ್ರತಿಯನ್ನು ತಂದು ಅಲ್ಲಿ ಇಡುತ್ತದೆ. ಭಂಡಾರದಲ್ಲಿಯೂ ಶುದ್ಧಪ್ರತಿ ಇಲ್ಲದಿದ್ದರೆ? ಅದು ಊಹಿಸುವುದಿಲ್ಲ. “ಕೆಟ್ಟ ಕಡತಗಳು ಕಂಡವು, ಕೆಲವನ್ನು ಸರಿಪಡಿಸಲಾಗಲಿಲ್ಲ” ಎಂದು ತಿಳಿಸಿ ಸುಮ್ಮನಾಗುತ್ತದೆ. ಯಂತ್ರದ ಈ ಪ್ರಾಮಾಣಿಕತೆ ನಮಗೆ ಬಹಳ ಹಿಡಿಸಿತು. ತಿಳಿಯದುದನ್ನು ತಿಳಿಯದೆನ್ನುವ ಧೈರ್ಯ ಎಷ್ಟು ಮಂದಿ ಸಂಪಾದಕರಿಗೆ ಇದೆ?

ಇಲ್ಲೊಂದು ಸೂಕ್ಷ್ಮವುಂಟು. ಸ್ಥಳವನ್ನು ಉಳಿಸಲೆಂದು ವಿಂಡೋಸ್ ಅನೇಕ ಕಡತಗಳನ್ನು ಎರಡು ಬಾರಿ ಬರೆದಿಡುವುದಿಲ್ಲ. ಭಂಡಾರದಲ್ಲಿ ಒಂದು ಹೆಸರು, ಬಳಕೆಯ ಸ್ಥಳದಲ್ಲಿ ಇನ್ನೊಂದು ಹೆಸರು, ಒಡಲು ಮಾತ್ರ ಒಂದೇ. ಆ ಒಡಲಿಗೇ ಪೆಟ್ಟು ಬಿದ್ದರೆ ಎರಡೂ ಕೆಡುತ್ತವೆ. ಆಗ ಮೂಲಭಂಡಾರವನ್ನೇ ಶುದ್ಧಗೊಳಿಸಬೇಕು. ಅದಕ್ಕಾಗಿ ಡಿಸ್ಮ್ ಎಂಬ ಇನ್ನೊಂದು ಸಾಧನವಿದೆ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಅದಕ್ಕೆ ‘ರಿಸ್ಟೋರ್ ಹೆಲ್ತ್’ ಎಂಬ ಆಜ್ಞೆಯುಂಟು. ಅದು ಅಂತರಜಾಲದ ಮೂಲಕ ತಯಾರಕರ ಭಂಡಾರದಿಂದಲೋ, ನಾವು ಒದಗಿಸಿದ ಅನುಸ್ಥಾಪನ ಪೆನ್ ಡ್ರೈವಿನಿಂದಲೋ ಶುದ್ಧಪ್ರತಿಗಳನ್ನು ತಂದು ಯಂತ್ರದೊಳಗಿನ ಭಂಡಾರವನ್ನು ಸರಿಪಡಿಸುತ್ತದೆ. ಆದ್ದರಿಂದ ಯಂತ್ರ ಎದ್ದು ನಡೆಯುತ್ತಿರುವಾಗ ಮೊದಲು ಡಿಸ್ಮ್, ಅನಂತರ ಎಸ್‌ಎಫ್‌ಸಿ ಎಂಬುದೇ ಸರಿಯಾದ ಕ್ರಮ. ಮೊದಲು ಮೂಲಪ್ರತಿಯ ಶುದ್ಧಿ, ಆಮೇಲೆ ನಕಲಿನ ಶುದ್ಧಿ.

ಇಷ್ಟನ್ನೆಲ್ಲ ನಾವು ಕಲಿಯುವಂತಾದುದು ಒಂದು ಸಂಕಟದಿಂದ. ನಮ್ಮ ಸಹಪಾಠಿಗಳೂ ಗುರುಬಂಧುಗಳೂ ಆಗಿದ್ದ ಹಿರಿಯರೊಬ್ಬರು ಕೆಲವು ವರ್ಷಗಳ ಹಿಂದೆ ಲಿಂಗೈಕ್ಯರಾದರು. ನಿವೃತ್ತಿಯ ಬಳಿಕ ಕನ್ನಡ ಬೆರಳಚ್ಚನ್ನು ಕಲಿತು, ಶರಣೆಯರ ವಚನಗಳಿಗೆ ವ್ಯಾಖ್ಯಾನವೊಂದನ್ನು ಗಣಕಯಂತ್ರದಲ್ಲಿ ಬರೆಯುತ್ತಿದ್ದರು. ಅವರ ಧರ್ಮಪತ್ನಿಯವರು ಆ ಯಂತ್ರವನ್ನು ಪೂಜಾಗೃಹದ ಪಕ್ಕದ ಕೋಣೆಯಲ್ಲಿಯೇ ಉಳಿಸಿಕೊಂಡು, ಆಗಾಗ ತೆರೆದು ಪತಿಯ ಬರಹವನ್ನು ಓದುತ್ತಿದ್ದರು. ಒಂದು ಮಳೆಗಾಲದ ಸಂಜೆ ನವೀಕರಣ ನಡೆಯುತ್ತಿದ್ದಾಗ ವಿದ್ಯುತ್ತು ಹೋಯಿತು. ಮರುದಿನ ಯಂತ್ರ ಏಳಲಿಲ್ಲ. ‘ಸ್ವಯಂ ದುರಸ್ತಿ ನಡೆಯುತ್ತಿದೆ’ ಎಂಬರ್ಥದ ಸಾಲನ್ನು ತೋರಿಸುವುದು, ಆರುವುದು, ಮತ್ತೆ ಅದನ್ನೇ ತೋರಿಸುವುದು. ಅಂಗಡಿಯೊಂದಕ್ಕೆ ಒಯ್ದರೆ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕದೆ ಗತ್ಯಂತರವಿಲ್ಲವೆಂದರಂತೆ. ಆ ತಾಯಿಯವರು ದೂರವಾಣಿಯಲ್ಲಿ ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: “ಅವರು ಬರೆದದ್ದೂ ಹೋಗುತ್ತದೆಯೇ?”

ಪ್ರಸಾದನಿಲಯದಲ್ಲಿದ್ದುಕೊಂಡು ಎಂಜಿನಿಯರಿಂಗ್ ಓದುತ್ತಿದ್ದ ವಿದ್ಯಾರ್ಥಿಯೊಬ್ಬನನ್ನು ಕರೆದುಕೊಂಡು ಹೋದೆವು. ಆ ಹುಡುಗ ಮೊದಲು ದುರಸ್ತಿಗೆ ಕೈಹಾಕಲಿಲ್ಲ. ಅದೇ ಅವನ ಜಾಣತನ. ಬೇರೊಂದು ಯಂತ್ರದಲ್ಲಿ ಸಿದ್ಧಪಡಿಸಿ ತಂದಿದ್ದ ವಿಂಡೋಸ್ ಅನುಸ್ಥಾಪನ ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ದುರಸ್ತಿಯ ಮಾರ್ಗವನ್ನು ಹಿಡಿದು, ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ತೆರೆದ. ಅಲ್ಲಿ ‘ನೋಟ್‌ಪ್ಯಾಡ್’ ಎಂದು ಬೆರಳಚ್ಚಿಸಿದ. ನೋಟ್‌ಪ್ಯಾಡಿನಲ್ಲಿ ಕಡತ ತೆರೆಯುವ ಚೌಕಟ್ಟಿನಿಂದಲೇ ಡಿಸ್ಕಿನ ಕೋಶಗಳನ್ನು ನೋಡಬಹುದು, ನಕಲು ಮಾಡಬಹುದು. ಗೆಳೆಯರ ಹೆಸರಿನ ಕೋಶದೊಳಗೆ ವ್ಯಾಖ್ಯಾನದ ಕಡತಗಳು ಒಂದರ ಕೆಳಗೊಂದು ಕಾಣಿಸಿಕೊಂಡಾಗ ಆ ತಾಯಿಯವರು ಏನೂ ಮಾತನಾಡಲಿಲ್ಲ. ಹುಡುಗ ಅವನ್ನೆಲ್ಲ ಎರಡು ಬೇರೆ ಪೆನ್ ಡ್ರೈವುಗಳಿಗೆ ಇಳಿಸಿ, ನಾವು ತಂದಿದ್ದ ಇನ್ನೊಂದು ಯಂತ್ರದಲ್ಲಿ ತೆರೆದು ತೋರಿಸಿದ ಮೇಲೆಯೇ ಮುಂದಿನ ಕೆಲಸಕ್ಕೆ ಅಡಿಯಿಟ್ಟದ್ದು. ಡಿಸ್ಕು ಬಿಟ್‌ಲಾಕರಿನಿಂದ ಗೂಢಲಿಪೀಕರಣಗೊಂಡಿದ್ದರೆ 48 ಅಂಕಿಗಳ ಕೀಲಿ ಇಲ್ಲದೆ ಇದು ಸಾಧ್ಯವಿಲ್ಲವೆಂದೂ, ಆ ಕೀಲಿಯನ್ನು ಮನೆಯ ಕಾಗದಪತ್ರಗಳೊಡನೆ ಬರೆದಿಟ್ಟುಕೊಂಡಿರಬೇಕೆಂದೂ ಆಗಲೇ ತಿಳಿಸಿದ.

ಮೊದಲು ಚೆಕ್‌ಡಿಸ್ಕ್ ಓಡಿಸಿ ಕಡತವ್ಯವಸ್ಥೆಯ ದೋಷಗಳನ್ನು ಸರಿಪಡಿಸಿದ. ಯಂತ್ರ ಈ ಬಗೆಯಲ್ಲಿ ಎದ್ದಾಗ ಸಿ ಎಂಬ ಡ್ರೈವು ಡಿ ಎಂದು ಹೆಸರು ಬದಲಿಸಿಕೊಂಡಿರಬಹುದಾದ್ದರಿಂದ ವಿಂಡೋಸ್ ಎಲ್ಲಿದೆಯೆಂದು ನೋಡಿಕೊಂಡು ಎಸ್‌ಎಫ್‌ಸಿಗೆ ಆ ದಾರಿಯನ್ನು ಹೇಳಿಕೊಟ್ಟ. ಕೆಲವು ಕಡತಗಳನ್ನು ಸರಿಪಡಿಸಲಾಗಲಿಲ್ಲವೆಂಬ ಉತ್ತರ ಬಂತು. ಪೆನ್ ಡ್ರೈವಿನಲ್ಲಿದ್ದ ಅದೇ ಆವೃತ್ತಿಯ ವಿಂಡೋಸನ್ನು ಆಕರವಾಗಿ ತೋರಿಸಿ ಡಿಸ್ಮ್ ನಡೆಸಿದ. ಅದು ಒಂದೇ ಅಂಕಿಯಲ್ಲಿ ಬಹಳ ಹೊತ್ತು ನಿಂತಿತು. ಆರಿಸಿಬಿಡೋಣವೇ ಎಂದು ನಾವು ಕೇಳಿದಾಗ, “ಅಜ್ಜಾರ, ನಿಂತಂತೆ ಕಾಣುತ್ತದೆ, ನಿಂತಿಲ್ಲ” ಎಂದ. ಕಾದೆವು. ಡಿಸ್ಮ್ ಮುಗಿದ ಬಳಿಕ ಮತ್ತೊಮ್ಮೆ ಎಸ್‌ಎಫ್‌ಸಿ. ಈ ಸಲ, ಕೆಟ್ಟ ಕಡತಗಳು ಕಂಡವು, ಅವನ್ನು ಸರಿಪಡಿಸಲಾಯಿತು ಎಂಬ ಸಾಲು ಮೂಡಿತು. ಸಂಜೆ ದೀಪ ಹಚ್ಚುವ ವೇಳೆಗೆ ಯಂತ್ರ ಎದ್ದಿತು. ಹುಡುಗ ಪ್ರಸಾದ ಸ್ವೀಕರಿಸಿದನೇ ವಿನಾ ಹಣ ಮುಟ್ಟಲಿಲ್ಲ.

ಆ ರಾತ್ರಿ ನಮ್ಮನ್ನು ಕಾಡಿದ ವಿಚಾರ ಇದು. ವಿಂಡೋಸಿನ ಕಡತಗಳಿಗೆ ಜಗತ್ತಿನಲ್ಲಿ ಕೋಟಿಗಟ್ಟಲೆ ಪ್ರತಿಗಳಿವೆ. ಒಂದು ಕೆಟ್ಟರೆ ಇನ್ನೊಂದನ್ನು ತರಬಹುದು. ನಮ್ಮ ಗೆಳೆಯರ ವ್ಯಾಖ್ಯಾನಕ್ಕೆ ಇದ್ದುದು ಒಂದೇ ಪ್ರತಿ. ಎಷ್ಟು ಬೇಕಾದರೂ ದೊರೆಯುವ ವಸ್ತುವನ್ನು ಸರಿಪಡಿಸುವ ಅವಸರದಲ್ಲಿ, ಮತ್ತೆಂದೂ ದೊರೆಯದ ವಸ್ತುವನ್ನು ಅಳಿಸಲು ಲೋಕ ಸಿದ್ಧವಾಗಿತ್ತು. ಎಸ್‌ಎಫ್‌ಸಿಯಾಗಲಿ ಡಿಸ್ಮ್ ಆಗಲಿ ಮನುಷ್ಯ ಬರೆದ ಬರಹವನ್ನು ತಿದ್ದಲಾರವು. ಅದರ ಶುದ್ಧಪ್ರತಿ ಯಾವ ತಯಾರಕರ ಭಂಡಾರದಲ್ಲಿಯೂ ಇಲ್ಲ. ನಾವು ಮಾಡಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಆದುದರಿಂದ ನಮ್ಮ ಓದುಗ ಬಂಧುಗಳಲ್ಲಿ ಕೆಲವು ಅರಿಕೆಗಳಿವೆ. ಯಂತ್ರ ಕೆಟ್ಟಾಗ ಮೊದಲ ಪ್ರಶ್ನೆ ‘ಎಂದು ಸರಿಹೋದೀತು’ ಎಂಬುದಾಗದೆ ‘ಒಳಗಿನ ಬರಹಗಳನ್ನು ಹೊರತೆಗೆದಿರೇ’ ಎಂಬುದಾಗಲಿ. ಡಿಸ್ಕು ವಿಚಿತ್ರ ಸದ್ದು ಮಾಡುತ್ತಿದ್ದರೆ ಯಾವ ಆಜ್ಞೆಯನ್ನೂ ಓಡಿಸದೆ ತಜ್ಞರಿಗೆ ಒಪ್ಪಿಸಿ. ಸಾಯುತ್ತಿರುವ ಡಿಸ್ಕಿಗೆ ದೀರ್ಘ ಪರೀಕ್ಷೆ ಹೊರೆಯಾಗುತ್ತದೆ. ಡಿಎಲ್‌ಎಲ್ ಎಂಬ ಜಾತಿಯ ಕಡತವೊಂದು ಇಲ್ಲವೆಂದು ಯಂತ್ರ ಹೇಳಿದರೆ, ಎಲ್ಲಿಂದಲೋ ಅದನ್ನು ಇಳಿಸಿಕೊಂಡು ಒಳಗೆ ಇಡಬೇಡಿ. ಅದು ವಚನಗಳ ನಡುವೆ ಪ್ರಕ್ಷಿಪ್ತವನ್ನು ಸೇರಿಸಿದಂತೆ, ಒಮ್ಮೊಮ್ಮೆ ವಿಷವನ್ನೇ ಸೇರಿಸಿದಂತೆ. ‘ನಿಮ್ಮ ಗಣಕಯಂತ್ರದ ಕಡತಗಳು ಕೆಟ್ಟಿವೆ, ನಾವು ದೂರದಿಂದಲೇ ಸರಿಪಡಿಸುತ್ತೇವೆ’ ಎಂದು ತಾವಾಗಿಯೇ ಕರೆಮಾಡುವವರನ್ನು ನಂಬಬೇಡಿ. ನಿಮ್ಮ ಮನೆಯ ಯಂತ್ರದ ಕಡತ ಕೆಟ್ಟದ್ದು ಅಪರಿಚಿತನಿಗೆ ತಿಳಿಯುವ ದಾರಿಯಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಹಳೆಯ ಯಂತ್ರದಲ್ಲಿ ಹಿರಿಯರ ಬರಹಗಳಿದ್ದರೆ ಅದು ಚೆನ್ನಾಗಿರುವಾಗಲೇ ಅವನ್ನು ಬೇರೆಡೆಗೆ ಸಾಗಿಸಿ. ಒಂದು ಪ್ರತಿ ಮನೆಯಲ್ಲಿ, ಒಂದು ಬೇರೆ ಊರಿನ ಮಗಳ ಮನೆಯಲ್ಲಿ, ಸಾಧ್ಯವಾದರೆ ಒಂದು ಕಾಗದದ ಮೇಲೆ.

ವಚನಗಳು ನಮ್ಮವರೆಗೆ ಬಂದುದು ಒಂದೇ ಸ್ಥಳದಲ್ಲಿ ಭದ್ರವಾಗಿದ್ದುದರಿಂದಲ್ಲ. ಹಲವು ಕೈಗಳು ಹಲವು ಊರುಗಳಲ್ಲಿ ಅವನ್ನು ನಕಲು ಮಾಡಿದುದರಿಂದ, ಒಂದು ಕಟ್ಟು ಹುಳುವಿನ ಪಾಲಾದರೂ ಇನ್ನೊಂದು ಕಟ್ಟು ಯಾರದೋ ಅಟ್ಟದ ಮೇಲೆ ಉಳಿದುದರಿಂದ. ತನ್ನಲ್ಲಿರುವ ಬರಹದ ಪ್ರತಿಯನ್ನು ಇನ್ನೊಬ್ಬರ ಕೈಗೆ ಕೊಡುವುದು ಅಕ್ಷರದಾಸೋಹ. ನಿಮ್ಮ ತಂದೆತಾಯಿಗಳು ಬರೆದ ಪತ್ರ, ಹಾಡಿದ ಹಾಡು, ಬರೆದಿಟ್ಟ ವಂಶಾವಳಿ ಯಾವ ಯಂತ್ರದಲ್ಲಿದೆಯೋ, ಈ ತಿಂಗಳು ಮುಗಿಯುವುದರೊಳಗೆ ಅದಕ್ಕೆ ಇನ್ನೊಂದು ಪ್ರತಿ ಮಾಡಿರಿ. ಶರಣು ಶರಣಾರ್ಥಿಗಳು.