ಸೀಟಿ ಊದುವವನ ಸಂಭಾವನೆ

ಅಮೆರಿಕದ ಒಮಾಹಾ ನಗರದಲ್ಲಿ ಮನೆಗಳ ಛಾವಣಿ ರಿಪೇರಿ ಮಾಡಿಕೊಡುವ ಒಂದು ಕಂಪನಿ. 2017ರ ಮಾರ್ಚ್ ಕೊನೆಯ ವಾರ ಅಲ್ಲಿನ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಸಾವಿರಾರು ಕರೆಗಳು, ಆದರೆ ಯಾರ ಮನೆಯೂ ಸೋರುತ್ತಿರಲಿಲ್ಲ! ಬರೀ ಬೈಗುಳ, ನಡುನಡುವೆ ಕೊಲೆ ಬೆದರಿಕೆ. ಕಂಪನಿಯ ಮಾಲೀಕರು ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ರೆಫರಿ. ಅವರು ಸೀಟಿ ಊದಿದ್ದ ಪಂದ್ಯದಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ತಂಡ ನಾರ್ತ್ ಕೆರೊಲಿನಾ ಎದುರು 75-73ರಿಂದ ಸೋತಿತ್ತು. ಸೋಲಿಗೊಂದು ಕಾರಣ ಬೇಕಲ್ಲ, ರೆಫರಿ ಸಿಕ್ಕರು. ಒಮಾಹಾದ ಮುಖವನ್ನೇ ಕಾಣದವರು ‘ಇವರ ಕೆಲಸ ಕಳಪೆ’ ಎಂದು ಅಂತರ್ಜಾಲದಲ್ಲಿ ಬರೆದರು. ಅಭಿಮಾನಿಗಳನ್ನು ಕೆರಳಿಸಿತೆಂದು ಒಂದು ರೇಡಿಯೊ ಸಂಸ್ಥೆಯ ಮೇಲೆ ಆತ ಹೂಡಿದ ದಾವೆಯೂ ನಿಲ್ಲಲಿಲ್ಲ. ಅದು ವಾಕ್ ಸ್ವಾತಂತ್ರ್ಯದ ವ್ಯಾಪ್ತಿಗೆ ಬರುತ್ತದೆಂದು 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ದೇಶವೇ ಟಿ.ವಿ. ಮುಂದೆ ಕೂರುವ ಆಟದ ತೀರ್ಪುಗಾರರಿಗೆ ಇನ್ನೊಂದು ಕಸುಬು ಏಕೆ? ಕಾಲೇಜು ರೆಫರಿಗಳು ಸಾಮಾನ್ಯವಾಗಿ ಯಾರ ನೌಕರರೂ ಅಲ್ಲ, ಬಿಡಿ ಗುತ್ತಿಗೆದಾರರು. ಕಾಲೇಜುಗಳ ಒಕ್ಕೂಟ ಕರೆದರೆ ಪಂದ್ಯ, ಪಂದ್ಯಕ್ಕಿಷ್ಟು ಸಂಭಾವನೆ. ಕಾಲು ಉಳುಕಿ ಮನೆಯಲ್ಲಿ ಕೂತರೆ ಸಂಬಳದ ರಜೆಯಿಲ್ಲ, ಪಿಂಚಣಿಯ ಮಾತಂತೂ ಇಲ್ಲ. ಹೆಸರಾಂತ ಕೆಲವರು ಚೆನ್ನಾಗಿಯೇ ಗಳಿಸುತ್ತಾರೆ, ನಿಜ. ಅದಕ್ಕಾಗಿ ಇಂದು ಒಂದು ಊರು, ನಾಳೆ ಇನ್ನೊಂದು ಊರು ಎಂದು ಚಳಿಗಾಲವಿಡೀ ವಿಮಾನ ಹತ್ತಿಳಿಯಬೇಕು. ದಣಿದ ಕಣ್ಣು ತಪ್ಪು ಮಾಡಿದರೆ ಬೈಗುಳ ಬೇರೆ. ಹೆಚ್ಚು ಕೊಡಿ ಎಂದು ಕೇಳೋಣವೆಂದರೆ, ಮುಂದಿನ ಪಂದ್ಯಕ್ಕೆ ಕರೆಯಬೇಕಾದವರೂ ಅವರೇ!

ಆಟದಲ್ಲಿ ಹಣವಿಲ್ಲ ಎನ್ನುವಂತಿಲ್ಲ. ಪುರುಷರ ರಾಷ್ಟ್ರೀಯ ಟೂರ್ನಿಯ ಪ್ರಸಾರದ ಹಕ್ಕು 2010ರಲ್ಲಿ 14 ವರ್ಷಕ್ಕೆ 1080 ಕೋಟಿ ಡಾಲರಿಗೆ ಹೋಯಿತು. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ನೌಕರರ ಪೈಕಿ ಅತಿ ಹೆಚ್ಚು ಸಂಬಳ ಎಣಿಸುವವರು ವಿಶ್ವವಿದ್ಯಾಲಯದ ಕೋಚ್; ರಾಜ್ಯಪಾಲರೂ ಅಲ್ಲ, ಪ್ರಾಧ್ಯಾಪಕರೂ ಅಲ್ಲ. ಬರೀ ವಿದ್ಯಾರ್ಥಿವೇತನದಲ್ಲಿ ಆಡುತ್ತಿದ್ದ ಹುಡುಗರಿಗೆ 2021ರಿಂದ ಹೆಸರು, ಚಿತ್ರ ಮಾರಿಕೊಳ್ಳುವ ಅವಕಾಶ ಸಿಕ್ಕಿತು. 2025ರಿಂದ ಕಾಲೇಜುಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು. ಅದು ಆಗಬೇಕಾದದ್ದೇ. ಪಟ್ಟೆ ಅಂಗಿಯವರು ಮಾತ್ರ ಗುತ್ತಿಗೆಯಲ್ಲೇ ಉಳಿದರು.

ಅವರೊಳಗೂ ಭೇದವಿತ್ತು. ಬ್ಯಾಸ್ಕೆಟ್‌ಬಾಲ್ ಎರಡೂ ಕಡೆ 40 ನಿಮಿಷದ ಆಟವೇ. ಆದರೂ ಮಹಿಳೆಯರ ರಾಷ್ಟ್ರೀಯ ಟೂರ್ನಿಯ ರೆಫರಿಗಳಿಗೆ ಸಂಭಾವನೆ ಕಡಿಮೆ. 2021ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಮಹಿಳಾ ತಂಡಗಳಿಗೆ ಕೊಟ್ಟ ಬೆರಳೆಣಿಕೆಯ ವ್ಯಾಯಾಮ ಸಲಕರಣೆಗಳ ವಿಡಿಯೊವನ್ನು ಆಟಗಾರ್ತಿಯೊಬ್ಬಳು ಊರಿಗೆಲ್ಲ ತೋರಿಸಿದ ಮೇಲೆ ಲೆಕ್ಕಪತ್ರಗಳನ್ನು ಕೆದಕುವುದು ಶುರುವಾಯಿತು. 2022ರ ಟೂರ್ನಿಯಿಂದ ಇಬ್ಬರಿಗೂ ಸಮ ಸಂಭಾವನೆ. ವರ್ಷಕ್ಕೆ ನೂರು ಕೋಟಿ ಡಾಲರಿಗೂ ಮೀರಿ ಗಳಿಸುವ ಎನ್‌ಸಿಎಎ ಸಂಸ್ಥೆಗೆ ಅದರಿಂದ ಬಿದ್ದ ಹೆಚ್ಚಿನ ಖರ್ಚು ಸುಮಾರು ಒಂದು ಲಕ್ಷ ಡಾಲರ್.